‘ಬೆಟ್ಟದ ಜೀವ’ಕ್ಕೆ ಹೊಸ ಮುಖಪುಟ



ಶಿವರಾಮ ಕಾರಂತರ ‘ಬೆಟ್ಟದ ಜೀವ’ ಬಂದದ್ದು 1943ರಲ್ಲಿ. ಕತೆ ನಡೆಯುವುದು ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ. ಅಂದು ಪುತ್ತೂರು ತಾಲೂಕು, ಆಮೇಲೆ ಸುಳ್ಯ, ಈಗ ಕಡಬ ಎನಿಸಿಕೊಂಡ ಸೀಮೆಯಲ್ಲಿ. ಈ ಕಾದಂಬರಿಗೆ ಹೊಸ ಮುಖಪುಟ ಬರೆಯಲು ಕೂತ ಕಲಾವಿದನ ಕುಂಚ ಮೊದಲು ಓಡುವುದು ಅಲ್ಲಿನ ಕುಮಾರ ಪರ್ವತದ ಕಡೆಗೆ. ಕಾದಂಬರಿಯ ಹೆಸರಿನಲ್ಲೇ ಬೆಟ್ಟವಿದೆ, 1,712 ಮೀಟರ್ ಎತ್ತರದ ಶಿಖರ ಕಣ್ಣನ್ನೂ ತುಂಬುತ್ತದೆ. ಆದರೆ ಮುಖಪುಟದ ಮುನ್ನೆಲೆ ಸಲ್ಲಬೇಕಾದದ್ದು ಕಾಡು ಕಡಿದು ಎಬ್ಬಿಸಿದ ಅಡಿಕೆ ತೋಟಕ್ಕೆ, ಬೆಟ್ಟ ಅದರ ಬೆನ್ನಿಗಿದ್ದರೆ ಸಾಕು ಎಂಬುದು ನನ್ನ ವಾದ.

ಇದಕ್ಕೆ ಕಾದಂಬರಿಯೇ ಆಧಾರ. ಹಳ್ಳಿಗರಾದ ದೇರಣ್ಣ, ಬಟ್ಯರ ಬೆನ್ನು ಹಿಡಿದು ಕತ್ತಲಲ್ಲಿ ಬಂದ ನಿರೂಪಕನಿಗೆ ಕಥಾನಾಯಕ ಗೋಪಾಲಯ್ಯನವರು ಹೆಮ್ಮೆಯಿಂದ ತೋರಿಸುವುದು ತಾವು ಮಾಡಿದ ಕೃಷಿಯನ್ನು. ಮನೆಯ ಬಳಿಯ ತೋಟ ಸಾಲದೆ ಕಾಟುಮೂಲೆ ಎಂಬಲ್ಲೂ ತೋಟ ಎಬ್ಬಿಸಿ ತಾವು ಆಶ್ರಯ ಕೊಟ್ಟ ನಾರಾಯಣನ ಕೈಗೆ ಒಪ್ಪಿಸಿದವರು ಅವರು. ಇಷ್ಟು ಮಾಡಿದವರ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಈ ತೋಟ ಯಾರಿಗೆ ಎಂಬ ಪ್ರಶ್ನೆ ಗೋಪಾಲಯ್ಯ, ಅವರ ಹೆಂಡತಿ ಶಂಕರಿಯರ ಮಾತಿನ ಅಡಿಯಲ್ಲಿ ಸದಾ ಇದೆ. ಬೆಟ್ಟವನ್ನಷ್ಟೇ ಬರೆದರೆ ಆ ಪ್ರಶ್ನೆಗೆ ಜಾಗವಿಲ್ಲ, ಬೆಟ್ಟಕ್ಕೆ ವಾರಸುದಾರ ಬೇಕಿಲ್ಲ. ತೋಟಕ್ಕೆ ಬೇಕು: ಬೇಸಿಗೆಯಲ್ಲಿ ನೀರು ಬಿಡಲು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು, ಕೊಯ್ಲು ಮಾಡಿಸಲು. ಗೆರೆಯಲ್ಲೂ ಇದನ್ನು ಹೇಳಬಹುದು. ಕಾಡಿನ ಗೆರೆಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ, ಕಂಗಿನ, ಅಂದರೆ ಅಡಿಕೆ ಮರದ, ಸಾಲು ನೆಟ್ಟಗೆ ನಿಲ್ಲುತ್ತದೆ. ಇವೆರಡು ಕೂಡುವ ಅಂಚು ಚಿತ್ರದ ನಡುವಿಗೆ ಬರಲಿ.

ಗೋಪಾಲಯ್ಯನವರ ಮುಖವನ್ನೇ ಬರೆಯಬಾರದೇಕೆ ಎಂದು ಕೇಳಬಹುದು. ಈ ಕಾದಂಬರಿಯನ್ನು ಆಧರಿಸಿದ ಪಿ. ಶೇಷಾದ್ರಿಯವರ ಚಲನಚಿತ್ರ ನೋಡಿದವರಿಗೆ ಆ ಮುಖ ಈಗಾಗಲೇ ನಟ ದತ್ತಣ್ಣನವರದು. ಮುಖಪುಟವೂ ಒಂದು ಮುಖವನ್ನು ಗಟ್ಟಿ ಮಾಡಿದರೆ ಓದುಗನ ಕಲ್ಪನೆಗೆ ಉಳಿಯುವ ಪಾಲು ಇನ್ನಷ್ಟು ಕಡಿಮೆ. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ಕಾಡು ಕಡಿದದ್ದನ್ನು ಇಂದು ಮುಖಪುಟದಲ್ಲಿ ಮೆರೆಸಬಹುದೆ? ಇದೇ ಚಲನಚಿತ್ರಕ್ಕೆ ಸಿಕ್ಕಿದ ರಾಷ್ಟ್ರಪ್ರಶಸ್ತಿ ಪರಿಸರ ಸಂರಕ್ಷಣೆಯ ವಿಭಾಗದ್ದು. ಆದರೆ ಕಾದಂಬರಿಯಲ್ಲಿ ಕಾಡನ್ನು ಪ್ರೀತಿಸಿದ ಮನುಷ್ಯನೇ ಅದನ್ನು ಕಡಿದವನೂ ಹೌದು. ಹಸಿರು ಬೆಟ್ಟವೊಂದನ್ನೇ ಬರೆದರೆ ಈ ಇಕ್ಕಟ್ಟು ಮರೆಯಾಗುತ್ತದೆ. ಕಾಡೂ ತೋಟವೂ ಎದುರುಬದುರಾದ ಚಿತ್ರ ಅದನ್ನು ಓದುಗನ ಮುಂದಿಡುತ್ತದೆ, ತೀರ್ಪು ಅವನದು.

ಹಳೆಯ ಓದುಗರಿಗೆ ಗುರುತು ಸಿಗಬೇಡವೆ ಎನ್ನುವವರಿಗೆ ಕಾರಂತರ ಯಕ್ಷಗಾನದ ಕೆಲಸವೇ ಉತ್ತರ. ‘ಯಕ್ಷಗಾನ ಬಯಲಾಟ’ ಬರೆಯುವಷ್ಟು ಹಳೆಯದನ್ನು ಅಭ್ಯಾಸ ಮಾಡಿದವರೇ ಅದರ ರಂಗರೂಪವನ್ನು ಬದಲಿಸಲು ಹಿಂಜರಿಯಲಿಲ್ಲ. ಮಾರಾಟದ ಮಾತಿಗೂ ಉತ್ತರವಿದೆ. ಮೊಬೈಲಿನಲ್ಲಿ ಹೆಬ್ಬೆರಳಷ್ಟಾಗುವ ಚಿತ್ರದಲ್ಲಿ ಬೆಟ್ಟ ಯಾವ ಚಾರಣದ ಪುಸ್ತಕದ್ದೂ ಆಗಬಹುದು, ಕಂಗಿನ ಸಾಲು ಮಾತ್ರ ಈ ಸೀಮೆಯನ್ನು ಒಡನೆ ಹೇಳುತ್ತದೆ.

ಹಾಗೆಂದು ಶೀರ್ಷಿಕೆಯಲ್ಲಿರುವುದನ್ನು ಬರೆಯಲೇಬಾರದು ಎಂಬ ನಿಯಮವೇನಿಲ್ಲ. ಕಾರಂತರದೇ ‘ಚೋಮನ ದುಡಿ’ಯ ಮುಖಪುಟದಿಂದ ದುಡಿಯನ್ನು ತೆಗೆಯಲಾಗದು; ಹೊಲ ಸಿಗದ ಚೋಮನ ಸಂಕಟವೆಲ್ಲ ಅದರಲ್ಲೇ ಬಡಿಯುತ್ತದೆ. ಶೀರ್ಷಿಕೆ ಹೆಸರಿಸಿದ ವಸ್ತುವಿಗೂ ಪಾತ್ರದ ಬದುಕಿಗೂ ಎಂಥ ಸಂಬಂಧವಿದೆ ಎಂದು ಕಲಾವಿದ ಮೊದಲು ಕೇಳಿಕೊಳ್ಳಬೇಕು. ಗೋಪಾಲಯ್ಯನವರು ಬೆಟ್ಟವನ್ನು ಮಾಡಲಿಲ್ಲ, ತೋಟ ಮಾಡಿದರು.