ಮೇಜಿನ ಮೇಲೆ ತಟ್ಟೆ ನಿಂತಿದೆ

ನೀವು ಕುಳಿತಿರುವ ಕೋಣೆಯ ಮೇಲೆ ಒಮ್ಮೆ ಕಣ್ಣಾಡಿಸಿ. ಮೂಲೆಯಲ್ಲಿ ಬೀರು ಇದೆ, ಮೇಜಿನ ಮೇಲೆ ಪುಸ್ತಕ ಇದೆ, ಗೋಡೆಯಲ್ಲಿ ಕ್ಯಾಲೆಂಡರ್ ಇದೆ. ‘ಇದೆ’ ಎಂಬ ಒಂದೇ ಮಾತಿನಲ್ಲಿ ನಾವು ಇಡೀ ಕೋಣೆಯನ್ನು ಹೇಳಿ ಮುಗಿಸುತ್ತೇವೆ. ದಿನಬಳಕೆಯ ಜರ್ಮನ್ ಭಾಷೆಗೆ ಇಷ್ಟು ಸಾಲದು. ವಸ್ತು ಅಲ್ಲಿ ನಿಂತಿದೆಯೋ, ಮಲಗಿದೆಯೋ, ನೇತಾಡುತ್ತಿದೆಯೋ ಎಂಬುದನ್ನೂ ಅಲ್ಲಿ ಕ್ರಿಯಾಪದವೇ ಹೇಳುತ್ತದೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. 2007ರಲ್ಲಿ ತರಬೇತಿಗೆಂದು ಜರ್ಮನಿಗೆ ಹೋಗಿದ್ದೆ. ಕೊನೆಯ ದಿನ ನಮ್ಮ ತಂಡದ ಕಿರುಚಿತ್ರದ ಪ್ರದರ್ಶನ. ಸಭಾಂಗಣಕ್ಕೆ ಬಂದ ಮೇಲೆ ನೆನಪಾಯಿತು, ಕ್ಯಾಸೆಟ್ ಸಂಕಲನದ ಕೋಣೆಯಲ್ಲೇ ಉಳಿದಿದೆ! ಉಳಿದದ್ದು 40 ನಿಮಿಷ. ಅಲ್ಲಿದ್ದ ಸಹೋದ್ಯೋಗಿಗೆ ಫೋನ್ ಮಾಡಿ, ‘ಲೀಕ್ಟ್ ಇಮ್ ರೇಗಾಲ್’ ಎಂದೆ. ಕಪಾಟಿನಲ್ಲಿದೆ ಎಂಬುದು ನನ್ನ ಅರ್ಥ. ಆಕೆ ಹುಡುಕಿ ಬಂದು, ‘ಡಾ ಲೀಕ್ಟ್ ನಿಖ್ಟ್ಸ್’, ಅಲ್ಲೇನೂ ಇಲ್ಲ ಎಂದರು. ಎರಡನೆಯ ಸಲವೂ ಅದೇ ಉತ್ತರ. ನನ್ನ ಬೆವರಿಳಿಯಿತು. ‘ಲೀಕ್ಟ್’ ಎಂದರೆ ಮಲಗಿದೆ ಎಂದು. ಪಾಪ, ಆಕೆ ಮೇಲಿನ ಹಲಗೆಯಲ್ಲಿ ಅಡ್ಡಡ್ಡ ಇಟ್ಟಿದ್ದವನ್ನೆಲ್ಲ ಕೆದಕುತ್ತಿದ್ದರು. ನನ್ನ ಕ್ಯಾಸೆಟ್ ಕೆಳಗಿನ ಸಾಲಿನಲ್ಲಿ ಪುಸ್ತಕದಂತೆ ನೆಟ್ಟಗಿತ್ತು. ನಾನು ‘ಶ್ಟೇಟ್’, ನಿಂತಿದೆ, ಎನ್ನಬೇಕಿತ್ತು. ಪ್ರದರ್ಶನ ಕಾಲು ಗಂಟೆ ತಡವಾಗಿ ಆರಂಭವಾಯಿತು. ತಪ್ಪು ಸಂಪೂರ್ಣವಾಗಿ ನನ್ನದೇ.

ಅಂದಿನಿಂದ ಯಾವ ವಸ್ತು ನಿಲ್ಲುತ್ತದೆ, ಯಾವುದು ಮಲಗುತ್ತದೆ ಎಂದು ಗಮನಿಸತೊಡಗಿದೆ. ಬೀರು, ಬಾಟಲಿ, ದೀಪ ನಿಲ್ಲುವುದು ಸಹಜ. ಆದರೆ ಊಟದ ತಟ್ಟೆ? ಅಷ್ಟು ಚಪ್ಪಟೆಯಾಗಿದ್ದರೂ ಜರ್ಮನರ ಮೇಜಿನ ಮೇಲೆ ತಟ್ಟೆ ನಿಂತೇ ಇರುತ್ತದೆ! ಅದಕ್ಕೊಂದು ತಳವಿದೆ, ಆ ತಳದ ಮೇಲೆ ಅದು ಇರಬೇಕಾದ ರೀತಿಯಲ್ಲೇ ಇದೆ. ತಳವೇ ಇಲ್ಲದ ಚೆಂಡು ಮಲಗುತ್ತದೆ. ರತ್ನಗಂಬಳಿಯೂ ಮಲಗುತ್ತದೆ. ಗೋಡೆಯ ಚಿತ್ರ ‘ಹೆಂಕ್ಟ್’, ಅಂದರೆ ತೂಗುತ್ತದೆ. ಬೀಗದೊಳಗಿನ ಕೀಲಿಕೈಗೆ ‘ಶ್ಟೆಕ್ಟ್’, ಸಿಕ್ಕಿಸಿಕೊಂಡಿದೆ ಎನ್ನುತ್ತಾರೆ. ಇದು ನಮಗೆ ತೀರ ಅಪರಿಚಿತವೇನಲ್ಲ. ರಸ್ತೆಯಲ್ಲಿ ನೀರು ನಿಂತಿದೆ, ಕಪಾಟಿನ ಮೇಲೆ ಧೂಳು ಕೂತಿದೆ ಎನ್ನುತ್ತೇವಲ್ಲ! ನಮ್ಮಲ್ಲಿ ಕೂರುವ ಧೂಳು ಅವರಲ್ಲಿ ಮಲಗುತ್ತದೆ, ಅಷ್ಟೇ ವ್ಯತ್ಯಾಸ.

ಪಠ್ಯಪುಸ್ತಕಗಳು ಮೊದಲು ಕಲಿಸುವುದು ‘ಎಸ್ ಗಿಪ್ಟ್’ ಎಂಬ ಪ್ರಯೋಗವನ್ನು. ಪದಶಃ ‘ಅದು ಕೊಡುತ್ತದೆ’, ಭಾವದಲ್ಲಿ ‘ಇದೆ’. ಮಾತಿನಲ್ಲಿ ಅದು ‘ಗಿಪ್ಟ್ಸ್’ ಎಂದು ಕುಗ್ಗುತ್ತದೆ. ಈ ಊರಿನಲ್ಲಿ ಗ್ರಂಥಾಲಯ ಇದೆಯೇ ಎಂದು ಕೇಳಲು ಅದು ಚೆನ್ನ. ಕೋಣೆಯ ಒಂದೊಂದು ವಸ್ತುವಿಗೂ ಅದನ್ನೇ ಬಳಸಿದರೆ ತಪ್ಪಲ್ಲ, ಆದರೆ ದಾಸ್ತಾನು ಪಟ್ಟಿ ಓದಿದಂತೆ ಕೇಳಿಸುತ್ತದೆ.

ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ‘ಔಫ್ ಡೇಮ್ ಟಿಶ್ ಲೀಕ್ಟ್ ಐನ್ ಬೂಖ್’ ಎಂಬಲ್ಲಿ ‘ಮೇಜಿನ ಮೇಲೆ’ ಎಂಬುದೇ ಮೊದಲು ಬಂದಿದೆ, ನಮ್ಮಂತೆಯೇ. ಕ್ರಿಯಾಪದ ಮಾತ್ರ ಕೊನೆಗೆ ಹೋಗದೆ ಎರಡನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಆಡುಮಾತಿನಲ್ಲಿ ‘ಔಫ್ ಡೇಮ್’ ಎಂಬುದು ‘ಔಫ್ಮ್’ ಆಗುತ್ತದೆ, ಕಿವಿಗೊಟ್ಟು ಕೇಳಿ. ಇನ್ನು ಪುಸ್ತಕವನ್ನು ಮೇಜಿನ ಮೇಲೆ ಇಡುವಾಗ ‘ಡೇಮ್’ ಹೋಗಿ ‘ಡೇನ್’ ಬರುತ್ತದೆ: ಇರುವುದಕ್ಕೊಂದು ರೂಪ, ಇಡುವುದಕ್ಕೊಂದು ರೂಪ. ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹಾಸಿಗೆ ನಪುಂಸಕಲಿಂಗ. ಏಕೆ ಎಂದು ಕೇಳಬೇಡಿ. ವಿಜ್ಞಾನ ಓದಿದ ನಾನೂ ಕಾರಣ ಹುಡುಕಿ ಸೋತು, ಕೊನೆಗೆ ಬಾಯಿಪಾಠ ಮಾಡಿದೆ.

ಅಭ್ಯಾಸವನ್ನು ನಿಮ್ಮ ಕೋಣೆಯಿಂದಲೇ ಆರಂಭಿಸಿ. ಬಾಗಿಲ ಬಳಿಯ ಬೂಟುಗಳನ್ನು ನೋಡಿ. ಜೋಡಿಸಿಟ್ಟಿದ್ದರೆ ಅವು ನಿಂತಿವೆ. ಕಳಚಿ ಎಸೆದಿದ್ದರೆ ಮಲಗಿವೆ.