ಕಿಕ್ ಹೊಡೆಯುವ ಮುನ್ನ



ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಮಾತ್ರ ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇವೆ.

ಅಂಥದೊಂದನ್ನು ಕೊಂಡವರಿಗೆ ತಕ್ಷಣ ಕಿಕ್ ಹೊಡೆಯುವ ಆತುರ. ಬಲ್ಲ ಮೆಕ್ಯಾನಿಕ್ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸುತ್ತಾನೆ. ವರ್ಷಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಜೆಟ್ಟು ಕಟ್ಟಿಕೊಂಡಿರುತ್ತದೆ. ಅದನ್ನು ತೊಳೆದು, ಪ್ಲಗ್ಗಿನ ಕಿಡಿ ನೋಡುತ್ತಾನೆ. ಮಂಕಾಗಿದ್ದರೆ ಪಾಯಿಂಟು ಉಜ್ಜಿ ಸಂದು ಸರಿಪಡಿಸುತ್ತಾನೆ. ಇದು ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಎಣ್ಣೆ ಬೆರೆಸದಿದ್ದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅವನು ಒಮ್ಮೆಗೆ ಒಂದನ್ನೇ ಬದಲಿಸುತ್ತಾನೆ. ನಾಲ್ಕು ಭಾಗ ಒಟ್ಟಿಗೆ ಬದಲಿಸಿದರೆ ದೋಷ ಎಲ್ಲಿತ್ತೆಂದು ತಿಳಿಯುವುದೇ ಇಲ್ಲ. ಎಂಜಿನ್ ಗುಡುಗಿದರೂ, ಬ್ರೇಕ್ ಹಿಡಿಯುವುದು ಖಚಿತವಾಗದೆ ಗಾಡಿಯನ್ನು ರಸ್ತೆಗೆ ಇಳಿಸುವುದಿಲ್ಲ.

ಬದುಕಿನಲ್ಲಿ ನಾವು ಹೀಗೆ ನಡೆಯುವುದು ಅಪರೂಪ. ಅಣ್ಣತಮ್ಮಂದಿರ ನಡುವೆ ಮಾತು ನಿಂತರೆ ಸಂಬಂಧವೇ ಕೆಟ್ಟಿತು ಎನ್ನುತ್ತೇವೆ. ಊರಿನ ಗ್ರಂಥಾಲಯ ಸೊರಗಿದರೆ ಓದುವವರೇ ಇಲ್ಲವೆಂದು ತೀರ್ಪು ಕೊಡುತ್ತೇವೆ. ಬಹಳ ಸಲ ಒಳಗಿನ ಯಂತ್ರ ಗಟ್ಟಿಯಾಗಿಯೇ ಇರುತ್ತದೆ. ಎಲ್ಲೋ ಸಣ್ಣದೊಂದು ದಾರಿ ಕಟ್ಟಿಕೊಂಡಿರುತ್ತದೆ, ಅಷ್ಟೆ. ಎಲ್ಲವೂ ದುರಸ್ತಿಯಾಗುತ್ತದೆಂದಲ್ಲ, ಸವೆದದ್ದನ್ನು ಬದಲಿಸಲೇಬೇಕು. ಆದರೆ ಆ ತೀರ್ಮಾನ ಪರೀಕ್ಷೆಯ ನಂತರ ಬರಬೇಕು, ಬೇಸರದಿಂದಲ್ಲ.

ಕೆಟ್ಟುಹೋಯಿತೆಂದು ನೀವು ಪಕ್ಕಕ್ಕಿಟ್ಟ ಏನಾದರೊಂದು ಇದ್ದರೆ, ಇಂದು ಒಮ್ಮೆ ಬಿಚ್ಚಿ ನೋಡಿ. ಗುಜರಿಗೆ ಹಾಕುವ ಅವಕಾಶ ನಾಳೆಯೂ ಇದ್ದೇ ಇರುತ್ತದೆ.