ಹೌದು ಎಂದವರು ಯಾರು?

1641ರ ವಸಂತದಲ್ಲಿ ಲಂಡನ್ ಜನ ಗೋಡೆಯ ಮೇಲೆ ಅಂಟಿಸಿದ್ದ ಒಂದು ಪಟ್ಟಿಯನ್ನು ಓದಿದರು. ದೊರೆ ಒಂದನೆಯ ಚಾರ್ಲ್ಸನ ಆಪ್ತ ಮಂತ್ರಿ ಸ್ಟ್ರಾಫರ್ಡ್‌ಗೆ ಮರಣದಂಡನೆ ವಿಧಿಸುವ ಮಸೂದೆ ಕಾಮನ್ಸ್ ಸಭೆಯಲ್ಲಿ 204 ಮತಗಳಿಂದ ಗೆದ್ದಿತ್ತು. ವಿರುದ್ಧ ಬಿದ್ದ ಮತ 59. ಹೀಗೆ ವಿರೋಧಿಸಿದವರ ಹೆಸರುಗಳನ್ನು ಯಾರೋ ಹೊರಗೆ ತಂದು, ನಾಡಿಗೆ ದ್ರೋಹ ಬಗೆದವರೆಂಬ ತಲೆಬರಹ ಕೊಟ್ಟು ಬೀದಿಗೆ ಹಾಕಿದ್ದರು. ಮೇ 12ರಂದು ಸ್ಟ್ರಾಫರ್ಡನ ತಲೆ ಉರುಳಿತು. ಪಟ್ಟಿಯಲ್ಲಿದ್ದವರು ತಮ್ಮ ತಲೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡಿರಬೇಕು.

ಪ್ರತಿನಿಧಿ ಯಾವ ಕಡೆ ಮತ ಹಾಕಿದನೆಂದು ಹೊರಗಿನವರು ಲೆಕ್ಕವಿಡುವ ಕೆಲಸ ಇಷ್ಟು ಹಳೆಯದು. ಇಷ್ಟು ಅಪಾಯದ್ದೂ ಹೌದು. ಸಭೆಯ ಒಳಗಿನ ಮಾತನ್ನು ಹೊರಗೆ ಪ್ರಕಟಿಸುವುದೇ ಆ ಕಾಲದಲ್ಲಿ ಅಪರಾಧ. ದೊರೆಗೆ ತಿಳಿದರೆ ಸೆರೆಮನೆ, ಗುಂಪಿಗೆ ತಿಳಿದರೆ ಕಲ್ಲೇಟು ಎಂಬ ಭಯದಲ್ಲಿ ಗುಟ್ಟು ಸದಸ್ಯರಿಗೆ ಗುರಾಣಿಯಾಗಿತ್ತು. 1832ರ ಸುಧಾರಣಾ ಕಾಯ್ದೆಯ ನಂತರ ಗಾಳಿ ಬದಲಾಯಿತು. 1836ರಲ್ಲಿ ಹೌದು ಎನ್ನುವವರಿಗೊಂದು, ಇಲ್ಲ ಎನ್ನುವವರಿಗೊಂದು ಎಂದು ಎರಡು ಮೊಗಸಾಲೆಗಳ ಏರ್ಪಾಡು ಬಂದಿತು. ಸದಸ್ಯರು ಹಾದು ಹೋಗುವಾಗ ಗುಮಾಸ್ತರು ಹೆಸರು ಬರೆದುಕೊಂಡರು. ಪಟ್ಟಿ ಅಧಿಕೃತವಾಗಿಯೇ ಅಚ್ಚಾಗತೊಡಗಿತು.

ಈಗ ದೆಹಲಿಗೆ ಬರೋಣ. ಲೋಕಸಭೆಯಲ್ಲಿ ಒಂದು ಮಸೂದೆ ಅಂಗೀಕಾರವಾಗುವುದನ್ನು ದೂರದರ್ಶನದಲ್ಲಿ ನೀವು ಕಂಡಿರುತ್ತೀರಿ. ಸ್ಪೀಕರ್ ಕೇಳುತ್ತಾರೆ, ಒಂದಷ್ಟು ಮಂದಿ ಹೌದು ಎನ್ನುತ್ತಾರೆ, ಒಂದಷ್ಟು ಮಂದಿ ಇಲ್ಲ ಎನ್ನುತ್ತಾರೆ. ಕಿವಿಗೆ ಬಿದ್ದುದರ ಮೇಲೆ ತೀರ್ಪು. ಇದು ಧ್ವನಿಮತ. ಬಹುಪಾಲು ಸಾಮಾನ್ಯ ಕಾನೂನುಗಳು ಹುಟ್ಟುವುದು ಹೀಗೆಯೇ. ಧ್ವನಿಗೆ ಹೆಸರಿಲ್ಲ. ನಿಮ್ಮ ಕ್ಷೇತ್ರದ ಸದಸ್ಯರು ಹೌದು ಎಂದರೋ, ಇಲ್ಲ ಎಂದರೋ, ಆ ಹೊತ್ತಿಗೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದರೋ, ಯಾವ ಕಡತದಲ್ಲೂ ಸಿಗುವುದಿಲ್ಲ.

ಹೆಸರು ದಾಖಲಾಗಬೇಕಾದರೆ ಸದಸ್ಯರೊಬ್ಬರು ಸ್ಪೀಕರ್ ತೀರ್ಪನ್ನು ಪ್ರಶ್ನಿಸಿ ಮತವಿಭಜನೆ ಕೇಳಬೇಕು. ಆಗ ಮೊಗಸಾಲೆಗಳನ್ನು ತೆರವು ಮಾಡಿಸಿ, ಮೂರೂವರೆ ನಿಮಿಷದ ನಂತರ ಪ್ರಶ್ನೆಯನ್ನು ಮತ್ತೆ ಮುಂದಿಡುತ್ತಾರೆ. ಮತ ದಾಖಲಿಸುವ ಯಂತ್ರ 1957ರಲ್ಲೇ ಲೋಕಸಭೆಗೆ ಬಂದಿದೆ: ಹೌದಿಗೆ ಹಸಿರು, ಇಲ್ಲಕ್ಕೆ ಕೆಂಪು, ತಟಸ್ಥರಿಗೆ ಹಳದಿ. ಆದರೆ ವಿಭಜನೆಯ ಬೇಡಿಕೆ ಅನಗತ್ಯವೆಂದು ಸ್ಪೀಕರ್‌ಗೆ ಅನಿಸಿದರೆ ಸದಸ್ಯರನ್ನು ನಿಂತಲ್ಲೇ ಎಣಿಸಿ ಮುಗಿಸಬಹುದು. ಆಗಲೂ ಹೆಸರು ದಾಖಲಾಗುವುದಿಲ್ಲ. ಸಂವಿಧಾನ ತಿದ್ದುಪಡಿಗೆ ಮಾತ್ರ ಈ ಸಲಿಗೆಯಿಲ್ಲ. ಮೂರನೇ ಎರಡರ ಬಹುಮತ ಬೇಕಾದ್ದರಿಂದ ಎಣಿಕೆ ಕಡ್ಡಾಯ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧವಾಗಿ 2 ಮತ ಬಿದ್ದವು. ಆ ಇಬ್ಬರು ಯಾರೆಂದು ದೇಶಕ್ಕೆಲ್ಲ ಗೊತ್ತಾಯಿತು.

ಅದಕ್ಕೆ ಸರಿಯಾಗಿ ಮೂರು ವರ್ಷ ಮೊದಲು, 2020ರ ಸೆಪ್ಟೆಂಬರ್ 20ರಂದು, ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾದವು. ಪ್ರತಿಪಕ್ಷಗಳು ಮತವಿಭಜನೆ ಕೇಳಿದ್ದವು. ಕೇಳುವವರು ತಮ್ಮ ಆಸನದಲ್ಲಿರಬೇಕು, ಸಭೆ ಶಾಂತವಾಗಿರಬೇಕು ಎಂಬುದು ಪೀಠದ ಸಮರ್ಥನೆ. ಯಾರ ಮಾತು ಸರಿ ಎಂಬ ಜಗಳ ಇರಲಿ. 2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ರದ್ದು ಮಾಡಿದ್ದೂ ಎರಡೂ ಸದನಗಳಲ್ಲಿ ಧ್ವನಿಮತದಿಂದಲೇ. ವರ್ಷವಿಡೀ ರೈತರು ದೆಹಲಿಯ ಗಡಿಯಲ್ಲಿ ಕೂತ ವಿಷಯದಲ್ಲಿ, ರಾಜ್ಯಸಭೆಯಲ್ಲಿ ತರುವಾಗ ಹೌದು ಎಂದವರ ಹೆಸರೂ ಇಲ್ಲ, ತೆಗೆಯುವಾಗ ಹೌದು ಎಂದವರ ಹೆಸರೂ ಇಲ್ಲ.

ಹೆಸರು ಸಿಕ್ಕ ಕಡೆಯಲ್ಲೂ ಅದು ಹೇಳುವುದೇನು ಎಂಬುದು ಇನ್ನೊಂದು ತೊಡಕು. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಪಕ್ಷದ ಆದೇಶಕ್ಕೆ, ಅಂದರೆ ವಿಪ್‌ಗೆ, ವಿರುದ್ಧವಾಗಿ ಮತ ಹಾಕಿದರೆ, ತಟಸ್ಥರಾಗಿ ಉಳಿದರೂ ಸಹ, 15 ದಿನಗಳೊಳಗೆ ಪಕ್ಷ ಮನ್ನಿಸದಿದ್ದರೆ ಸ್ಥಾನ ಹೋಗಬಹುದು. ಕೊಂಡುಕೊಳ್ಳುವ ವ್ಯಾಪಾರವನ್ನು ತಡೆಯುವುದು ಉದ್ದೇಶ. ಸರ್ಕಾರದ ಅಳಿವು ಉಳಿವು ಹಾಗೂ ಪಕ್ಷದ ಮೂಲ ಧೋರಣೆಯ ವಿಷಯಗಳಿಗೆ ಮಾತ್ರ ಈ ಅಸ್ತ್ರ ಸಾಕೆಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿದ್ದರೂ ವಿಪ್ ಹೊರಡಿಸುವ ಉತ್ಸಾಹ ತಗ್ಗಲಿಲ್ಲ. ಹೀಗಾಗಿ ಹಸಿರು ಗುಂಡಿ ಒತ್ತಿದ ಬೆರಳು ಸದಸ್ಯರದು; ಒತ್ತಿಸಿದ್ದು ಪಕ್ಷ.

ಆದರೂ ಹೆಸರು ಬೇಕೇ ಬೇಕು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ, ಒಂದೇ ಮತದಿಂದ ಬಿತ್ತು. ನ್ಯಾಷನಲ್ ಕಾನ್ಫರೆನ್ಸಿನ ಸೈಫುದ್ದೀನ್ ಸೋಜ್ ಪಕ್ಷದ ಆದೇಶ ಮೀರಿ ಸರ್ಕಾರದ ವಿರುದ್ಧ ಮತ ಹಾಕಿ ಪಕ್ಷದಿಂದ ಉಚ್ಚಾಟಿತರಾದರು. ಒರಿಸ್ಸಾದ ಮುಖ್ಯಮಂತ್ರಿಯಾಗಿದ್ದೂ ಸಂಸತ್ ಸ್ಥಾನ ಬಿಡದಿದ್ದ ಗಿರಿಧರ್ ಗಮಾಂಗ್ ಬಂದು ಮತ ಹಾಕಿದರು. ಇವರು ಮಾಡಿದ್ದು ಸರಿಯೋ ತಪ್ಪೋ ಎಂದು ಜನ ಇಂದಿಗೂ ವಾದಿಸಬಲ್ಲರು, ಏಕೆಂದರೆ ಅವರು ಮಾಡಿದ್ದೇನೆಂದು ಗೊತ್ತು.

1993ರ ಜುಲೈ 28ರ ಕಥೆ ಇನ್ನೂ ವಿಚಿತ್ರ. ನರಸಿಂಹ ರಾವ್ ಸರ್ಕಾರದ ವಿರುದ್ಧದ ಅವಿಶ್ವಾಸ ನಿರ್ಣಯ 251–265ರಲ್ಲಿ ಸೋತಿತು. ಆಮೇಲೆ ಲಂಚದ ಆರೋಪ ಬಂತು. 1998ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಬಹುಮತ, ಹಣ ಪಡೆದು ಮತ ಹಾಕಿದವರಿಗೆ ಸಂವಿಧಾನದ 105ನೇ ವಿಧಿಯ ರಕ್ಷಣೆ ಇದೆಯೆಂದಿತು. ಹಣ ಪಡೆದೂ ಮತ ಹಾಕದವರಿಗೆ ಇಲ್ಲವೆಂದಿತು! ಲಂಚ ಕೊಟ್ಟವನ ಕೆಲಸ ಮಾಡಿಕೊಟ್ಟವರು ಪಾರು, ಮಾಡಿಕೊಡದವರು ಸಿಕ್ಕಿಬಿದ್ದರು. ಈ ನಿಲುವನ್ನು ಏಳು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿದ್ದು 2024ರ ಮಾರ್ಚ್ 4ರಂದು.

ಹಾಕದ ಮತವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದಕ್ಕೆ ಕನ್ನಡಿಗರು ದೆಹಲಿಗೆ ಹೋಗಬೇಕಿಲ್ಲ. 2019ರ ಜುಲೈ 23ರಂದು ವಿಧಾನಸೌಧದಲ್ಲಿ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದಾಗ, ಅದನ್ನು ಬೀಳಿಸಿದ್ದು ಸಭೆಗೇ ಬಾರದವರ ಖಾಲಿ ಆಸನಗಳು.

ಚುನಾವಣೆ ಹತ್ತಿರವಾದಾಗ ಮನೆಗೆ ಬರುವ ಬಣ್ಣದ ಕರಪತ್ರದಲ್ಲಿ ಬಸ್ ತಂಗುದಾಣ, ಸಮುದಾಯ ಭವನ, ಹೈಮಾಸ್ಟ್ ದೀಪಗಳ ಪಟ್ಟಿ ಇರುತ್ತದೆ. ಹಾಜರಿ ಎಷ್ಟು, ಕೇಳಿದ ಪ್ರಶ್ನೆಗಳೆಷ್ಟು ಎಂಬುದನ್ನು ದೆಹಲಿಯ ಪಿಆರ್‌ಎಸ್‌ನಂಥ ಸಂಸ್ಥೆಗಳು ಒಟ್ಟು ಮಾಡಿ ಕೊಡುತ್ತವೆ. ಮತದ ಅಂಕಣ ತುಂಬಲು ಅವರಲ್ಲೂ ಸಾಮಗ್ರಿಯಿಲ್ಲ. ವಿಭಜನೆ ನಡೆದ ದಿನ ಮಾತ್ರ ಸದನದ ನಡಾವಳಿಯಲ್ಲಿ ಚರ್ಚೆಯ ಬಳಿಕ ಹೆಸರುಗಳು ಸಾಲಾಗಿ ಅಚ್ಚಾಗಿರುತ್ತವೆ. ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಮತ ಕೇಳಲು ಬಂದ ಸದಸ್ಯರನ್ನು ಕೇಳಬಹುದಾದ ಪ್ರಶ್ನೆಯೂ ಒಂದಿದೆ: ಐದು ವರ್ಷದಲ್ಲಿ ಎಷ್ಟು ಸಲ ಎದ್ದುನಿಂತು ಮತವಿಭಜನೆ ಬೇಕೆಂದು ಕೇಳಿದಿರಿ?